ಸೆನ್ಸಾರ್ ಪತ್ರ ಕೈಯಲ್ಲಿದೆ, ಚಿತ್ರಮಂದಿರ ಸಿಗುತ್ತಿಲ್ಲ

ಪ್ರಶ್ನೆ: ನಾನು ಮೊದಲ ಬಾರಿಗೆ ಸಿನಿಮಾ ನಿರ್ದೇಶಿಸಿದ್ದೇನೆ. ಒಂದು ಊರಿನ ಜಾತ್ರೆಯಲ್ಲಿ ತೇರಿನ ಹಗ್ಗವನ್ನು ಮೊದಲು ಯಾರು ಹಿಡಿಯಬೇಕು ಎಂಬ ಜಗಳವೇ ಕಥೆ. ಊರು, ದೇವರು, ಮನೆತನ ಎಲ್ಲವೂ ಕಾಲ್ಪನಿಕ. ಯೂಟ್ಯೂಬಿನಲ್ಲಿ ಟ್ರೇಲರ್ ಬಿಟ್ಟ ಕೆಲವು ದಿನಗಳಿಗೆ ಸೆನ್ಸಾರ್ ಆಯಿತು. ಒಂದು ಪದವನ್ನು ಮ್ಯೂಟ್ ಮಾಡಿಸಿ ಯುಎ 16+ ಪ್ರಮಾಣಪತ್ರ ಕೊಟ್ಟಿದ್ದಾರೆ. ಬಿಡುಗಡೆಗೆ ಇನ್ನು ಹದಿನೆಂಟು ದಿನ ಇರುವಾಗ ಒಂದು ಸಂಘಟನೆಯವರು ಚಿತ್ರ ತಮ್ಮ ಸಮುದಾಯವನ್ನು ಅವಮಾನಿಸುತ್ತದೆ ಎಂದು ಜಿಲ್ಲಾಧಿಕಾರಿಗೆ ಮನವಿ ಕೊಟ್ಟಿದ್ದಾರೆ. ಅವರಲ್ಲಿ ಯಾರೂ ಚಿತ್ರ ನೋಡಿಲ್ಲ. ವಿತರಕರು ಹಿಂದೆ ಸರಿಯುವ ಮಾತಾಡುತ್ತಿದ್ದಾರೆ. ಸೆನ್ಸಾರ್ ಆದ ಮೇಲೆ ಯಾರೂ ತಡೆಯಲಾಗದು ಎನ್ನುತ್ತಾರೆ ಒಬ್ಬರು. ಸರ್ಕಾರ ಮನಸ್ಸು ಮಾಡಿದರೆ ಒಂದು ಆದೇಶ ಸಾಕು ಎನ್ನುತ್ತಾರೆ ಇನ್ನೊಬ್ಬರು. ನಿರ್ಮಾಪಕರ ಸಂಬಂಧಿಕರೊಬ್ಬರು ‘ವಿವಾದವಾದರೆ ಒಳ್ಳೆಯದೇ, ಖರ್ಚಿಲ್ಲದ ಪ್ರಚಾರ’ ಎಂದು ಖುಷಿಯಲ್ಲಿದ್ದಾರೆ. ಮುಖಂಡರಿಗೆ ಮೊದಲೇ ಚಿತ್ರ ತೋರಿಸಿ, ಅವರು ಹೇಳಿದ್ದನ್ನು ಕತ್ತರಿಸಿ ಮುಗಿಸಿಬಿಡಿ ಎಂಬ ಸಲಹೆಯೂ ಇದೆ. ನಿಜವಾಗಿ ನನ್ನ ಸ್ಥಿತಿ ಏನು? ನಾನು ಏನು ಮಾಡಬಹುದು? (ಹೆಸರು, ಊರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಆದರೆ ಆತಂಕ ಒಂದೇ: ಕಾನೂನು ಒಪ್ಪಿದ ಚಿತ್ರವನ್ನು ಕಾನೂನಿನ ಹೊರಗಿನವರು ತಡೆಯಬಲ್ಲರೇ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯಾಯಾಲಯದಲ್ಲಿ ನೀವು ಗೆಲ್ಲುವ ಸಾಧ್ಯತೆ ಬಹಳ ಹೆಚ್ಚು. ಹಾಗಿದ್ದೂ ಚಿತ್ರ ತೆರೆ ಕಾಣದೆ ಹೋಗುವ ಸಾಧ್ಯತೆಯೂ ಇದೆ. ಈ ಎರಡೂ ಹೇಗೆ ಒಟ್ಟಿಗೆ ನಿಜವಾಗುತ್ತವೆ ಎಂಬುದು ಅರ್ಥವಾದರೆ ಮುಂದಿನ ಹದಿನೆಂಟು ದಿನ ಏನು ಮಾಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಚಿತ್ರ ಪ್ರಮಾಣೀಕರಣದ ವ್ಯಾಜ್ಯಗಳನ್ನು ನಡೆಸಿದ ವಕೀಲನಾಗಿ ಹೇಳುತ್ತೇನೆ, ನನ್ನ ಬಳಿ ಬಂದ ನಿರ್ಮಾಪಕರಲ್ಲಿ ಹೆಚ್ಚಿನವರು ಕೇಸು ಸೋತು ಮುಳುಗಿದವರಲ್ಲ. ಕೇಸು ಗೆದ್ದ ಮೇಲೂ ವಾರ ಕಳೆದುಕೊಂಡು ಮುಳುಗಿದವರು.

ಮೊದಲು ಸೆನ್ಸಾರ್ ಎಂಬ ಹೆಸರಿನ ವಿಷಯ. ಆ ಮಂಡಳಿಯ ಹೆಸರಿನಿಂದ ‘ಸೆನ್ಸಾರ್’ ಎಂಬ ಪದ 1983ರಲ್ಲೇ ಹೋಯಿತು. ಈಗ ಅದು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ. ನಾಲಿಗೆ ಮಾತ್ರ ಹಳೆಯದನ್ನು ಬಿಟ್ಟಿಲ್ಲ, ನನ್ನದೂ ಬಿಟ್ಟಿಲ್ಲ. 1952ರ ಚಲನಚಿತ್ರ ಕಾಯ್ದೆಯ ಪ್ರಕಾರ ಮಂಡಳಿ ನೋಡಬೇಕಾದದ್ದು ಇಷ್ಟು: ದೇಶದ ಸಾರ್ವಭೌಮತೆ, ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಶಾಂತಿ, ಸಭ್ಯತೆ, ಮಾನಹಾನಿ, ನ್ಯಾಯಾಂಗ ನಿಂದನೆ, ಅಪರಾಧಕ್ಕೆ ಪ್ರಚೋದನೆ. ಇದರಲ್ಲಿ ‘ಯಾರಿಗೂ ಬೇಸರವಾಗಬಾರದು’ ಎಂಬ ಷರತ್ತು ಇಲ್ಲ. ಆದರೆ ‘ಸಾರ್ವಜನಿಕ ಶಾಂತಿ’ ಎಂಬ ಎರಡು ಪದಗಳ ಬಾಗಿಲು ಎಷ್ಟು ಅಗಲವೆಂದರೆ, ಬೇಸರವೂ ಸಿಟ್ಟೂ ರಾಜಕೀಯವೂ ಅದರ ಮೂಲಕವೇ ಒಳಬರುತ್ತವೆ.

ನಿಮ್ಮ ಚಿತ್ರವನ್ನು ಪರಿಶೀಲನಾ ಸಮಿತಿ ನೋಡಿದ ದಿನವನ್ನು ನೆನಪಿಸಿಕೊಳ್ಳಿ. ಬೆರಳೆಣಿಕೆಯ ಸದಸ್ಯರು ಒಳಗೆ, ನೀವು ಹೊರಗೆ ಬೆಂಚಿನ ಮೇಲೆ. ಚಿತ್ರ ಮುಗಿದ ಮೇಲೆ ಒಬ್ಬೊಬ್ಬರೂ ಬೇರೆಬೇರೆ ವರದಿ ಬರೆಯುತ್ತಾರೆ, ಆಮೇಲೆ ನಿಮ್ಮನ್ನು ಕರೆಯುತ್ತಾರೆ. ‘ಐವತ್ತೆರಡನೇ ನಿಮಿಷದ ಆ ಪದ’ ಎಂದು ಅಧಿಕಾರಿ ಹೇಳುವಾಗ ನೀವು ಹೋದ ಜೀವ ಬಂದವರಂತೆ ತಲೆಯಾಡಿಸಿರುತ್ತೀರಿ. ಅವರು ನೋಡಿದ್ದು ಇಡೀ ಚಿತ್ರವನ್ನು, ಬೈಗುಳವನ್ನೂ ಅದಕ್ಕೆ ಬರುವ ಉತ್ತರವನ್ನೂ. ಈಗ ಮನವಿ ಕೊಟ್ಟವರು ನೋಡಿರುವುದು ಎರಡೂವರೆ ನಿಮಿಷದ ಟ್ರೇಲರನ್ನು. ಟ್ರೇಲರಿನಲ್ಲಿ ಬೈಗುಳ ಇರುತ್ತದೆ, ಉತ್ತರ ಇರುವುದಿಲ್ಲ. ಚಿತ್ರಮಂದಿರದಲ್ಲಿ ತೋರಿಸುವ ಟ್ರೇಲರಿಗೆ ಪ್ರತ್ಯೇಕ ಪ್ರಮಾಣಪತ್ರ ಬೇಕು. ಯೂಟ್ಯೂಬಿಗೆ ಹಾಕುವುದಕ್ಕೆ ಅದು ಬೇಡ. ಹಾಗಾಗಿ ಇವತ್ತಿನ ಬಹುಪಾಲು ವಿವಾದಗಳು ಹುಟ್ಟುವುದು ಮಂಡಳಿ ನೋಡಿಯೇ ಇರದ ತುಣುಕಿನಿಂದ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಈಗ ‘ಸೆನ್ಸಾರ್ ಆದ ಮೇಲೆ ಯಾರೂ ತಡೆಯಲಾಗದು’ ಎಂಬ ಮಾತು. ಅರ್ಧ ನಿಜ, ಮತ್ತು ಆ ಅರ್ಧವನ್ನು ಗಳಿಸಿಕೊಟ್ಟವರಲ್ಲಿ ಕನ್ನಡದವರೊಬ್ಬರು ಇದ್ದಾರೆ ಎಂಬುದು ನಮ್ಮವರಿಗೇ ಗೊತ್ತಿಲ್ಲ. ಮೊದಲು ಕಾಯ್ದೆಯಲ್ಲಿ, ಮಂಡಳಿ ಅಷ್ಟೇ ಏಕೆ, ಮೇಲ್ಮನವಿ ನ್ಯಾಯಮಂಡಳಿ ಒಪ್ಪಿದ ಚಿತ್ರವನ್ನೂ ಕೇಂದ್ರ ಸರ್ಕಾರ ಮತ್ತೆ ಕೈಗೆತ್ತಿಕೊಂಡು ತೀರ್ಮಾನ ಬದಲಿಸುವ ಅಧಿಕಾರ ಇತ್ತು. ಇದನ್ನು ಪ್ರಶ್ನಿಸಿದವರು ಚಿತ್ರ ನಿರ್ದೇಶಕ ಕೆ.ಎಂ. ಶಂಕರಪ್ಪ. ಕರ್ನಾಟಕ ಹೈಕೋರ್ಟ್ 1990ರಲ್ಲಿ ಆ ಕಲಮನ್ನು ಸಂವಿಧಾನ ವಿರೋಧಿ ಎಂದಿತು. ಸುಪ್ರೀಂ ಕೋರ್ಟ್ 2000ದ ನವೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಪರಿಣತರ ಮಂಡಳಿ ಚಿತ್ರ ನೋಡಿ ತೀರ್ಮಾನಿಸಿದ ಮೇಲೆ ಗಲಾಟೆ ಆದೀತು ಎಂಬ ನೆಪ ಸಾಲದು, ಗಲಾಟೆ ಆಗದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ ಎಂಬುದು ಆ ತೀರ್ಪಿನ ತಿರುಳು. 2023ರ ತಿದ್ದುಪಡಿಯಲ್ಲಿ ಸಂಸತ್ತು ಆ ಭಾಗವನ್ನೇ ಕಾಯ್ದೆಯಿಂದ ತೆಗೆದುಹಾಕಿತು.

ಇದಕ್ಕೂ ಮೊದಲೇ 1989ರಲ್ಲಿ ರಂಗರಾಜನ್ ಪ್ರಕರಣ ಬಂದಿತ್ತು. ಜಾತಿ ಆಧಾರಿತ ಮೀಸಲಾತಿಯನ್ನು ಟೀಕಿಸುವ ‘ಒರೇ ಒರು ಗ್ರಾಮತ್ತಿಲೇ’ ಎಂಬ ತಮಿಳು ಚಿತ್ರದ ಪ್ರಮಾಣಪತ್ರವನ್ನು ಮದ್ರಾಸ್ ಹೈಕೋರ್ಟ್ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ಮರಳಿಸಿತು. ಮೆರವಣಿಗೆಯ, ಹಿಂಸೆಯ ಬೆದರಿಕೆಗೆ ಅಂಜಿ ಅಭಿವ್ಯಕ್ತಿಯನ್ನು ಅದುಮುವಂತಿಲ್ಲ, ರೊಚ್ಚಿಗೆದ್ದ ಗುಂಪನ್ನು ನಿಭಾಯಿಸಲು ತನ್ನಿಂದ ಆಗದು ಎಂದು ಸರ್ಕಾರ ಕೈಚೆಲ್ಲುವಂತಿಲ್ಲ ಎಂದಿತು. ಚಿತ್ರಕ್ಕೂ ಅನಾಹುತಕ್ಕೂ ಇರುವ ನಂಟು ಮದ್ದಿನ ಪೀಪಾಯಿಯೊಳಗಿನ ಕಿಡಿಯಷ್ಟು ಹತ್ತಿರದ್ದಾಗಿರಬೇಕು ಎಂಬ ಅದರ ಅಳತೆಗೋಲನ್ನು ಇಂದಿಗೂ ನಾವು ಪ್ರತಿ ಅರ್ಜಿಯಲ್ಲೂ ಉಲ್ಲೇಖಿಸುತ್ತೇವೆ. 2011ರಲ್ಲಿ ‘ಆರಕ್ಷಣ್’ ಚಿತ್ರದ ಮೇಲೆ ಉತ್ತರ ಪ್ರದೇಶ ಹೇರಿದ ನಿಷೇಧ, 2018ರಲ್ಲಿ ‘ಪದ್ಮಾವತ್’ ಮೇಲೆ ರಾಜಸ್ಥಾನ, ಗುಜರಾತ್ ಹೊರಡಿಸಿದ ಆದೇಶಗಳು, 2023ರಲ್ಲಿ ‘ದಿ ಕೇರಳ ಸ್ಟೋರಿ’ ಮೇಲೆ ಪಶ್ಚಿಮ ಬಂಗಾಳದ ನಿಷೇಧ, ಯಾವುದೂ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಎಡದ ಚಿತ್ರ, ಬಲದ ಚಿತ್ರ ಎಂಬ ಭೇದವೂ ಅಲ್ಲಿ ಕಾಣುವುದಿಲ್ಲ ಎಂಬುದನ್ನು ಗಮನಿಸಿ.

ಉಳಿದರ್ಧ ಸುಳ್ಳು ಏಕೆ ಎಂದರೆ, ಚಿತ್ರಮಂದಿರಗಳ ಪರವಾನಗಿ ಮತ್ತು ಸುವ್ಯವಸ್ಥೆ ರಾಜ್ಯದ ಕೈಯಲ್ಲಿದೆ. ಪ್ರಮಾಣಪತ್ರ ಕೊಡುವುದು ಕೇಂದ್ರದ ಪಾಲು, ಪ್ರದರ್ಶನದ ಜಾಗ ರಾಜ್ಯದ ಪಾಲು. ಶಾಂತಿಭಂಗದ ಹೆಸರಿನಲ್ಲಿ ಪ್ರದರ್ಶನವನ್ನು ಅಮಾನತಿನಲ್ಲಿಡುವ ಅಧಿಕಾರವನ್ನು ರಾಜ್ಯಗಳ ಸಿನಿಮಾ ನಿಯಂತ್ರಣ ಕಾಯ್ದೆಗಳು ಕೊಡುತ್ತವೆ. ಜಿಲ್ಲಾಧಿಕಾರಿ ನಿಷೇಧಾಜ್ಞೆ ಹೊರಡಿಸಲೂಬಹುದು. 2013ರಲ್ಲಿ ‘ವಿಶ್ವರೂಪಂ’ ತಮಿಳುನಾಡಿನಲ್ಲಿ ನಿಂತದ್ದು ಹೀಗೆಯೇ. ಕೊನೆಗೆ ಸಂಘಟನೆಗಳ ಜತೆ ಮಾತುಕತೆಯಾಗಿ, ಕೆಲವು ಮಾತುಗಳನ್ನು ಮ್ಯೂಟ್ ಮಾಡಿ ಚಿತ್ರ ತೆರೆಗೆ ಬಂತು. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮಿನ ಜಾಗದಲ್ಲಿ ಈಗ ನಾಗರಿಕ ಸುರಕ್ಷಾ ಸಂಹಿತೆಯ 163 ಇದೆ. ಸಂಖ್ಯೆ ಬದಲಾಗಿದೆ, ಕೆಲಸ ಅದೇ. ಕಾಯ್ದೆಯ ಆರನೇ ಕಲಮಿನಲ್ಲಿ ಉಳಿದಿರುವ ಭಾಗದ ಮೂಲಕ ಕೇಂದ್ರಕ್ಕೆ ದೂರು ಒಯ್ಯುವ ದಾರಿಯೂ ಪೂರ್ತಿ ಮುಚ್ಚಿಲ್ಲ. 2025ರಲ್ಲಿ ‘ಉದಯಪುರ್ ಫೈಲ್ಸ್’ ಬಿಡುಗಡೆಗೆ ತಡೆ ಕೊಟ್ಟ ದೆಹಲಿ ಹೈಕೋರ್ಟ್ ಅರ್ಜಿದಾರರನ್ನು ಆ ದಾರಿಗೇ ಕಳುಹಿಸಿತು.

ಆದರೆ ಲಿಖಿತ ಆದೇಶ ಬಂದರೆ ನಾನು ಅಷ್ಟು ಹೆದರುವುದಿಲ್ಲ. ಆದೇಶ ಇದ್ದರೆ ಅದನ್ನು ಪ್ರಶ್ನಿಸಬಹುದು, ಅದರ ಕೆಳಗೆ ಯಾರದೋ ಸಹಿ ಇರುತ್ತದೆ. ನನಗೆ ಭಯವಾಗುವುದು ಆದೇಶವೇ ಇಲ್ಲದ ನಿಷೇಧದ್ದು. 2019ರ ಫೆಬ್ರುವರಿ 15ರಂದು ಕೋಲ್ಕತ್ತದಲ್ಲಿ ‘ಭೋಬಿಷ್ಯೋತೆರ್ ಭೂತ್’ ಎಂಬ ಬಂಗಾಳಿ ವಿಡಂಬನಾ ಚಿತ್ರ ಬಿಡುಗಡೆಯಾಯಿತು. ಮರುದಿನದ ಹೊತ್ತಿಗೆ ಬಹುತೇಕ ಚಿತ್ರಮಂದಿರಗಳಿಂದ ಮಾಯ. ನಿಷೇಧದ ಕಾಗದ ಎಲ್ಲೂ ಇರಲಿಲ್ಲ. ‘ಮೇಲಿನಿಂದ ಹೇಳಿದ್ದಾರೆ’ ಎಂಬ ಮಾತಷ್ಟೇ ಇತ್ತು. ಬಿಡುಗಡೆಗೆ ಮುಂಚೆ ಪೊಲೀಸರು ತಮಗೆ ಚಿತ್ರ ತೋರಿಸಿ ಎಂದು ಕೇಳಿದ್ದರು. ಸುಪ್ರೀಂ ಕೋರ್ಟ್ ಆ ವರ್ಷದ ಏಪ್ರಿಲ್‌ನಲ್ಲಿ ಪೊಲೀಸರಿಗೆ ಅಂಥ ಅಧಿಕಾರವೇ ಇಲ್ಲ ಎಂದು ಹೇಳಿ, ರಾಜ್ಯ ಸರ್ಕಾರ ನಿರ್ಮಾಪಕರಿಗೂ ಚಿತ್ರಮಂದಿರಗಳವರಿಗೂ 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ದೊಡ್ಡ ಗೆಲುವು. ಆದರೆ ಫೆಬ್ರುವರಿಯ ಆ ವಾರವನ್ನು ಏಪ್ರಿಲ್ ತೀರ್ಪು ಮರಳಿ ತರಲಾರದು.

ನಮ್ಮಲ್ಲೇ ತೀರಾ ಈಚೆಗೆ ಆದದ್ದು ನಿಮಗೆ ನೆನಪಿರಬೇಕು. 2025ರ ಜೂನ್‌ನಲ್ಲಿ ಕಮಲ್ ಹಾಸನ್ ಅವರ ತಮಿಳು ಚಿತ್ರ ‘ಥಗ್ ಲೈಫ್’. ಚಿತ್ರದೊಳಗಿನ ಯಾವ ದೃಶ್ಯದ ಬಗ್ಗೆಯೂ ತಕರಾರು ಇರಲಿಲ್ಲ. ಕನ್ನಡದ ಹುಟ್ಟಿನ ಬಗ್ಗೆ ನಾಯಕ ನಟ ಆಡಿದ ಮಾತು ಜನರನ್ನು ಕೆರಳಿಸಿತು, ಕ್ಷಮೆ ಕೇಳದೆ ಬಿಡುಗಡೆ ಇಲ್ಲ ಎಂದಿತು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ. ನಾನು ಕನ್ನಡಿಗ, ಆ ಮಾತು ನನಗೂ ಹಿಡಿಸಲಿಲ್ಲ. ಆದರೆ ವಕೀಲನಾಗಿ ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ: ಸರ್ಕಾರ ನಿಷೇಧಿಸಿರಲಿಲ್ಲ, ತಾನು ನಿಷೇಧಿಸಿಲ್ಲ ಎಂದೇ ಸುಪ್ರೀಂ ಕೋರ್ಟಿಗೂ ಹೇಳಿತು. ಪ್ರಮಾಣಪತ್ರ ಇರುವ ಚಿತ್ರ ತೆರೆ ಕಾಣುವಂತೆ ನೋಡಿಕೊಳ್ಳುವುದು ರಾಜ್ಯದ ಹೊಣೆ, ಬೀದಿಯನ್ನು ಗುಂಪುಗಳಿಗೆ ಬಿಟ್ಟುಕೊಡಲಾಗದು ಎಂದಿತು ನ್ಯಾಯಾಲಯ. ಆ ಮಾತು ಬರುವ ಹೊತ್ತಿಗೆ ಬೇರೆ ರಾಜ್ಯಗಳಲ್ಲಿ ಚಿತ್ರ ತೆರೆ ಕಂಡು ಎರಡು ವಾರವಾಗಿತ್ತು.

ಹಾಗಾಗಿ ನಿಮ್ಮ ಚಿತ್ರದ ಹಣೆಬರಹ ಬರೆಯುವವರು ಜಿಲ್ಲಾಧಿಕಾರಿಯೂ ಅಲ್ಲ, ಮನವಿ ಕೊಟ್ಟವರೂ ಅಲ್ಲ. ಚಿತ್ರಮಂದಿರದ ಮಾಲೀಕರು. ಕೆಲವು ವರ್ಷಗಳ ಹಿಂದೆ ಹೈಕೋರ್ಟಿನಿಂದ ರಕ್ಷಣೆಯ ಆದೇಶ ತಂದುಕೊಂಡು ಒಂದು ಜಿಲ್ಲಾ ಕೇಂದ್ರದ ಏಕಪರದೆ ಚಿತ್ರಮಂದಿರಕ್ಕೆ ನಾನೇ ಹೋಗಿದ್ದೆ. ಮಾಲೀಕರು ವಯಸ್ಸಾದವರು, ಆದೇಶವನ್ನು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಆಮೇಲೆ ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಮುಂದಿನ ಎರಡು ಸಾಲು ಕುರ್ಚಿಗಳನ್ನು ತೋರಿಸಿದರು. ಉಳಿದವು ಕೆಂಪು, ಆ ಎರಡು ಸಾಲು ಮಾತ್ರ ನೀಲಿ. ‘ಹಿಂದೆ ಒಂದು ಚಿತ್ರಕ್ಕೆ ಗಲಾಟೆಯಾದಾಗ ಹರಿದವು ಸರ್. ಅದೇ ಬಣ್ಣ ಸಿಗಲಿಲ್ಲ. ವಿಮೆಯವರು ಇವತ್ತಿಗೂ ಪತ್ರ ಬರೆಯುತ್ತಿದ್ದಾರೆ’ ಎಂದರು. ನನ್ನ ಕೈಯಲ್ಲಿದ್ದ ಆದೇಶಕ್ಕೆ ಆ ನೀಲಿ ಕುರ್ಚಿಗಳ ಎದುರು ಹೇಳಲು ಏನೂ ಇರಲಿಲ್ಲ.

ಇನ್ನು ಖರ್ಚಿಲ್ಲದ ಪ್ರಚಾರದ ಮಾತು. ನಿಮ್ಮ ನಿರ್ಮಾಪಕರ ಸಂಬಂಧಿಕರಿಗೆ ‘ಪದ್ಮಾವತ್’ ನೆನಪಿದೆ. ಬಿಡುಗಡೆಯೇ ಆಗದೆ ಹೋದವು ಅವರಿಗೆ ನೆನಪಿರುವುದು ಹೇಗೆ ಸಾಧ್ಯ? ವಿವಾದದಿಂದ ಗೆದ್ದ ಚಿತ್ರಗಳ ಪಟ್ಟಿಯಲ್ಲಿ ಇರುವವೆಲ್ಲ ದೊಡ್ಡ ತಾರೆಯರ, ದೊಡ್ಡ ಹಣದ, ತಿಂಗಳುಗಟ್ಟಲೆ ಕಾಯುವ ಶಕ್ತಿ ಇದ್ದ ಚಿತ್ರಗಳು. ‘ವಾಟರ್’ ಚಿತ್ರದ ಶೂಟಿಂಗ್ 2000ದಲ್ಲಿ ವಾರಾಣಸಿಯಲ್ಲಿ ನಿಂತು, ಬೇರೆ ತಾರಾಗಣದೊಂದಿಗೆ ಶ್ರೀಲಂಕಾದಲ್ಲಿ ಮುಗಿದು, ಜನ ನೋಡಿದ್ದು 2005ರ ನಂತರ. ‘ಬ್ಲ್ಯಾಕ್ ಫ್ರೈಡೇ’ ಬಾಂಬೆ ಹೈಕೋರ್ಟಿನ ತಡೆಯಿಂದಾಗಿ 2007ರವರೆಗೆ ಕಾಯಿತು. ಸಾಲದ ಬಡ್ಡಿ ಮಾತ್ರ ಯಾರ ತಡೆಯಾಜ್ಞೆಗೂ ನಿಲ್ಲುವುದಿಲ್ಲ. ಇನ್ನೊಂದು ಮಾತು: ಪ್ರಚಾರಕ್ಕಾಗಿ ವಿವಾದವನ್ನು ಒಳಗೊಳಗೇ ಊದಿದವರನ್ನು ನಾನು ಕಂಡಿದ್ದೇನೆ. ಆಮೇಲೆ ರಕ್ಷಣೆ ಕೇಳಿ ನ್ಯಾಯಾಲಯಕ್ಕೆ ಬಂದಾಗ ಎದುರು ವಕೀಲರು ಅವರದೇ ಸಂದರ್ಶನವನ್ನು ಓದುತ್ತಾರೆ. ಆ ಆಟ ಬೇಡ.

ನಿಮ್ಮ ಪತ್ರದಲ್ಲಿ ‘ಎಲ್ಲವೂ ಕಾಲ್ಪನಿಕ’ ಎಂದು ಒತ್ತಿ ಬರೆದಿದ್ದೀರಿ. ಚಿತ್ರದ ಮೊದಲಿಗೆ ಆ ಸಾಲನ್ನೂ ಹಾಕಿರುತ್ತೀರಿ. ಆ ಸಾಲಿನ ಹುಟ್ಟಿನ ಕಥೆ ಸ್ವಾರಸ್ಯಕರ. 1932ರಲ್ಲಿ ಹಾಲಿವುಡ್ಡಿನ ಎಂಜಿಎಂ ಸಂಸ್ಥೆ ರಷ್ಯಾದ ರಾಸ್ಪುಟಿನ್ ಬಗ್ಗೆ ಚಿತ್ರ ಮಾಡಿತು. ಅದರಲ್ಲಿನ ರಾಜಕುಮಾರಿಯ ಪಾತ್ರ ತನ್ನದೇ, ತನ್ನ ಮಾನ ಹೋಗಿದೆ ಎಂದು ರಾಜಕುಮಾರಿ ಇರೀನಾ ಯೂಸುಪೋವ್ ಲಂಡನ್ನಿನಲ್ಲಿ ದಾವೆ ಹೂಡಿ 1934ರಲ್ಲಿ ಗೆದ್ದರು. ಅಂದಿನಿಂದ ಚಿತ್ರೋದ್ಯಮ ‘ಯಾರನ್ನೂ ಕುರಿತದ್ದಲ್ಲ’ ಎನ್ನಲು ಶುರು ಮಾಡಿತು. ಮಾನಹಾನಿ ದಾವೆಯಲ್ಲಿ ಅದು ಸ್ವಲ್ಪ ಸಹಾಯ ಮಾಡೀತು, ಬೀದಿಯಲ್ಲಿ ಏನೂ ಮಾಡದು. ಪಾತ್ರದ ಅಡ್ಡಹೆಸರು, ಉಡುಗೆ, ಪೂಜೆಯ ಕ್ರಮ, ಮಾತಿನ ಧಾಟಿ ಒಂದು ಸಮುದಾಯವನ್ನು ನೇರವಾಗಿ ತೋರಿಸುತ್ತಿದ್ದರೆ ಕಾಲ್ಪನಿಕ ಎಂಬ ಫಲಕವನ್ನು ಯಾರೂ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ಹೆಚ್ಚಿನ ನಿರ್ದೇಶಕರಿಗೆ ಈ ಮಾತು ಹಿಡಿಸುವುದಿಲ್ಲ, ಆದರೂ ಹೇಳಬೇಕು. ಗಲಾಟೆ ಮಾಡುವವರೆಲ್ಲ ಚುನಾವಣೆಯ ಟಿಕೆಟ್ಟಿಗಾಗಿ ಮಾಡುವವರಲ್ಲ. ಕೆಲವರು ಖಂಡಿತ ಹಾಗೆಯೇ, ಮನವಿ ಕೊಡುವ ಫೋಟೊ ತೆಗೆಸಿಕೊಳ್ಳುವುದಕ್ಕೇ ಬಂದವರನ್ನು ಮುಖ ನೋಡಿದರೆ ಗೊತ್ತಾಗುತ್ತದೆ. ಒಂದೇ ಸಮುದಾಯದ ಎರಡು ಸಂಘಟನೆಗಳ ನಡುವೆ ಯಾರು ಹೆಚ್ಚು ಸಿಟ್ಟಾಗಿದ್ದಾರೆ ಎಂಬ ಪೈಪೋಟಿಯೂ ಇರುತ್ತದೆ. ಆದರೆ ದಶಕಗಳಿಂದ ತೆರೆಯ ಮೇಲೆ ನಗೆಪಾಟಲಾಗಿ, ಕುಡುಕನಾಗಿ, ಕಳ್ಳನಾಗಿ ಮಾತ್ರ ಬಂದುಹೋದ ಸಮುದಾಯಗಳಿವೆ. ಅವರಿಗೆ ನಿಮ್ಮ ಟ್ರೇಲರಿನ ಎರಡು ಕ್ಷಣ ಅಷ್ಟೂ ವರ್ಷಗಳ ಮುಂದುವರಿಕೆ. ಪುಸ್ತಕವಾದರೆ ಓದಿದವರಿಗೆ ಮಾತ್ರ ತಲುಪುತ್ತದೆ. ಸಿನಿಮಾದಲ್ಲಿ ಪಕ್ಕದ ಕುರ್ಚಿಯವರು ನಗುವುದು ಕೇಳಿಸುತ್ತದೆ. ಸಿನಿಮಾ ಮನಸ್ಸಿನ ಮೇಲೆ ಹೆಚ್ಚು ಗಾಢವಾಗಿ ಕೂರುತ್ತದೆ ಎಂಬ ಕಾರಣ ಕೊಟ್ಟೇ 1970ರ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪುಸ್ತಕಕ್ಕಿಲ್ಲದ ಪೂರ್ವ ಪರಿಶೀಲನೆಯನ್ನು ಚಿತ್ರಕ್ಕೆ ಒಪ್ಪಿಕೊಂಡದ್ದು.

ಅದೇ 1970ರ ‘ಸಂಸ್ಕಾರ’ವನ್ನು ನೋಡಿ. ಯು.ಆರ್. ಅನಂತಮೂರ್ತಿಯವರ ಕಾದಂಬರಿ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಅದನ್ನೇ ಪಟ್ಟಾಭಿರಾಮ ರೆಡ್ಡಿ ಚಿತ್ರವಾಗಿಸಿದಾಗ ಮದ್ರಾಸಿನ ಸೆನ್ಸಾರ್ ಬೇಡವೆಂದಿತು. ಆಮೇಲೆ ತಡೆ ತೆರವಾಗಿ ಬಿಡುಗಡೆಯಾದ ಚಿತ್ರ ಸ್ವರ್ಣಕಮಲ ಪಡೆದ ಮೊದಲ ಕನ್ನಡ ಚಿತ್ರವಾಯಿತು. ಇದನ್ನು ಹೇಳುತ್ತಿರುವುದು ನಿಮ್ಮ ಚಿತ್ರಕ್ಕೂ ಪ್ರಶಸ್ತಿ ಬಂದೇ ಬರುತ್ತದೆ ಎಂದಲ್ಲ. ಯಾವುದು ಸ್ಫೋಟಕ ಎಂಬ ಅಂದಾಜು ಎಷ್ಟು ಬೇಗ ಹಳಸುತ್ತದೆ ಎಂಬುದಕ್ಕೆ.

ಈಗ ನಿಮ್ಮ ಮುಂದಿರುವ ದಾರಿಗಳು. ಮುಖಂಡರಿಗೆ ಮೊದಲೇ ತೋರಿಸುವ ಸಲಹೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚಿನವರು ಮೊದಲು ಬೀಳುವ ಹಳ್ಳ ಅದು. ಖಾಸಗಿ ಸಂಘಟನೆಗೆ ಚಿತ್ರ ತೋರಿಸಬೇಕೆಂಬ ಯಾವ ಕಾನೂನೂ ಇಲ್ಲ. ತೋರಿಸಿದರೆ ಅವರು ಎರಡನೇ ಸೆನ್ಸಾರ್ ಆಗುತ್ತಾರೆ, ಮರುವಾರ ಇನ್ನೊಂದು ಬಣ ಬಂದು ‘ಅವರಿಗೆ ತೋರಿಸಿದಿರಿ, ನಮಗೇಕೆ ಇಲ್ಲ’ ಎನ್ನುತ್ತದೆ. ಒಂದು ಪ್ರಕರಣದಲ್ಲಿ ಹೀಗೆ ನಾಲ್ಕು ಪ್ರದರ್ಶನಗಳಾಗಿ, ಒಂದು ಬಣ ತೆಗೆಯಿರಿ ಎಂದ ದೃಶ್ಯವೇ ಇನ್ನೊಂದು ಬಣಕ್ಕೆ ಬಹಳ ಇಷ್ಟವಾಗಿತ್ತು! ಆದರೂ ನಾನು ಸಾರಾಸಗಟಾಗಿ ಬೇಡ ಎನ್ನುವುದಿಲ್ಲ. ಮುಖಂಡರ ಬದಲು ಆ ಸಮುದಾಯದ ಒಬ್ಬ ಮೇಷ್ಟ್ರು, ಒಬ್ಬ ಲೇಖಕಿ, ಊರಿನಲ್ಲಿ ಮಾತಿಗೆ ತೂಕವಿರುವ ಒಬ್ಬ ಹಿರಿಯರನ್ನು ಅತಿಥಿಗಳಾಗಿ ಕರೆಯಿರಿ. ಒಪ್ಪಿಗೆ ಕೇಳಲು ಕರೆದಿಲ್ಲ, ಅಭಿಪ್ರಾಯಕ್ಕಾಗಿ ಕರೆದಿದ್ದೇವೆ ಎಂದು ಆಹ್ವಾನದಲ್ಲೇ ಬರೆಯಿರಿ. ಮೊಬೈಲ್‌ಗಳನ್ನು ಹೊರಗಿಡಿಸಿ. ಅಲ್ಲಿ ಕೂತು ಯಾವ ಕತ್ತರಿಗೂ ಮಾತು ಕೊಡಬೇಡಿ.

ಅವರು ಹೇಳಿದ್ದರಲ್ಲಿ ನಿಮಗೇ ಸರಿ ಎನಿಸಿದ್ದು ಇದ್ದರೆ ಬದಲಿಸುವುದರಲ್ಲಿ ಅವಮಾನ ಇಲ್ಲ. ‘ಬಿಲ್ಲು ಬಾರ್ಬರ್’ 2009ರಲ್ಲಿ ಕ್ಷೌರಿಕರ ಆಕ್ಷೇಪಕ್ಕೆ ಓಗೊಟ್ಟು ಬರೀ ‘ಬಿಲ್ಲು’ ಆಯಿತು, ಚಿತ್ರಕ್ಕೆ ಅದರಿಂದ ಏನೂ ಕೆಡಲಿಲ್ಲ. ಆದರೆ ಬದಲಾವಣೆಯನ್ನು ನೀವಾಗಿಯೇ ಎಡಿಟಿಂಗ್ ಕೊಠಡಿಯಲ್ಲಿ ಮಾಡಿ ಚಿತ್ರಮಂದಿರಕ್ಕೆ ಕಳುಹಿಸುವಂತಿಲ್ಲ. ಪ್ರಮಾಣಪತ್ರ ಬಂದ ಮೇಲೆ ಒಂದು ಪದ ತೆಗೆದರೂ ಮಂಡಳಿಗೆ ತಿಳಿಸಿ ಅನುಮೋದನೆ ಪಡೆಯಬೇಕು. ಪ್ರಮಾಣಪತ್ರದ ನಂತರ ತಿರುಚಿದ ಚಿತ್ರ ತೋರಿಸಿದರೆ ಮೂರು ವರ್ಷದವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ ಆಗಬಹುದು. ಒತ್ತಡದಲ್ಲಿ ಇರುವಾಗ ಇದನ್ನು ಮರೆತು, ಗಲಾಟೆಯವರ ಕೈಗೆ ನಿಜವಾದ ಕಾನೂನು ಕಾರಣವೊಂದನ್ನು ತಾವೇ ಇಟ್ಟವರಿದ್ದಾರೆ.

ನ್ಯಾಯಾಲಯದ ದಾರಿಯಲ್ಲಿ ಎರಡು ಕೆಲಸಗಳಿವೆ. ಒಂದು ಅಗ್ಗದ್ದು, ಈ ವಾರವೇ ಆಗಬೇಕಾದದ್ದು: ಯಾರಾದರೂ ಸಿವಿಲ್ ನ್ಯಾಯಾಲಯದಲ್ಲಿ ನಿಮಗೆ ತಿಳಿಯದಂತೆ ತಡೆಯಾಜ್ಞೆ ತರದ ಹಾಗೆ ಕೇವಿಯಟ್ ಹಾಕಿಡುವುದು. ತೊಂಬತ್ತು ದಿನ ಚಾಲ್ತಿಯಲ್ಲಿರುತ್ತದೆ. ಸಾಮಾನ್ಯವಾಗಿ ಬಿಡುಗಡೆಗೆ ಒಂದೆರಡು ದಿನ ಇರುವಾಗ, ಗುರುವಾರ ಮಧ್ಯಾಹ್ನ, ತಾಲ್ಲೂಕು ಕೇಂದ್ರವೊಂದರ ನ್ಯಾಯಾಲಯದಲ್ಲಿ ಇಂಥ ಅರ್ಜಿ ಪ್ರತ್ಯಕ್ಷವಾಗುತ್ತದೆ. ಆಮೇಲೆ ಶನಿವಾರ, ಭಾನುವಾರ. ಈ ಲೆಕ್ಕ ಎದುರಿನವರಿಗೂ ಚೆನ್ನಾಗಿ ಗೊತ್ತು. ಇನ್ನೊಂದು, ಪೊಲೀಸ್ ರಕ್ಷಣೆಗಾಗಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಇಲ್ಲಿ ಒಂದು ಎಚ್ಚರ. ‘ಅರ್ಜಿದಾರರ ಮನವಿಯನ್ನು ಕಾನೂನಿನಂತೆ ಪರಿಗಣಿಸಿ’ ಎಂಬ ಒಂದು ಸಾಲಿನ ಆದೇಶ ಸಿಕ್ಕಿ ಕೈ ಬೀಸಿಕೊಂಡು ಬರುವವರೇ ಹೆಚ್ಚು, ಏಕೆಂದರೆ ಅವರು ಮನವಿಯನ್ನೇ ಕೊಟ್ಟಿರುವುದಿಲ್ಲ. ಮೊದಲು ಎಸ್‌ಪಿಗೂ ಜಿಲ್ಲಾಧಿಕಾರಿಗೂ ಬರೆಯಿರಿ: ಪ್ರಮಾಣಪತ್ರದ ಪ್ರತಿ, ಚಿತ್ರಮಂದಿರಗಳ ಪಟ್ಟಿ, ಪ್ರದರ್ಶನದ ವೇಳೆ, ಬೆದರಿಕೆಯ ಸಂದೇಶ ಬಂದಿದ್ದರೆ ಅದರ ಮುದ್ರಿತ ಪ್ರತಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಅವರು ಸುಮ್ಮನಿದ್ದರೆ ಆ ಮೌನವೇ ಹೈಕೋರ್ಟಿನಲ್ಲಿ ನಿಮ್ಮ ಆಧಾರ. ಯಾವ ಚಿತ್ರಮಂದಿರಕ್ಕೆ, ಯಾವ ದಿನಗಳಲ್ಲಿ ರಕ್ಷಣೆ ಬೇಕು ಎಂದು ಹೆಸರು ಹಿಡಿದು ಕೇಳಿದರೆ ಆದೇಶವೂ ಹೆಸರು ಹಿಡಿದು ಬರುತ್ತದೆ. ಚಿತ್ರಮಂದಿರದವರನ್ನೂ ಜತೆಗೆ ಅರ್ಜಿದಾರರನ್ನಾಗಿ ಮಾಡಿಕೊಳ್ಳಲು ಒಪ್ಪಿಸಿದರೆ ಅರ್ಧ ಯುದ್ಧ ಗೆದ್ದಂತೆ, ಆದರೆ ಅವರು ಸುಲಭವಾಗಿ ಒಪ್ಪುವುದಿಲ್ಲ.

ಎಫ್‌ಐಆರ್ ಆದೀತೆಂಬ ಭಯವನ್ನು ನೀವು ಬರೆದಿಲ್ಲ, ಆದರೆ ಇರುತ್ತದೆ. ಧಾರ್ಮಿಕ ಭಾವನೆಗೆ ಧಕ್ಕೆ ಎಂಬ ಆರೋಪ ಹಿಂದೆ ಭಾರತೀಯ ದಂಡ ಸಂಹಿತೆಯ 295ಎ ಆಗಿತ್ತು, ಈಗ ನ್ಯಾಯ ಸಂಹಿತೆಯ 299. ಉದ್ದೇಶಪೂರ್ವಕವಾಗಿ, ದ್ವೇಷದಿಂದ ಮಾಡಿದ್ದು ಎಂಬುದು ಸಾಬೀತಾಗಬೇಕು, ನೋವಾಯಿತು ಎಂಬುದಷ್ಟೇ ಸಾಲದು. ‘ತಮಸ್’ ಧಾರಾವಾಹಿಯ ವಿಚಾರದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಅಳತೆ ಇಲ್ಲಿಯೂ ನೆರವಿಗೆ ಬರುತ್ತದೆ: ಗಟ್ಟಿ ಮನಸ್ಸಿನ, ವಿವೇಕವುಳ್ಳ ಸಾಮಾನ್ಯ ವ್ಯಕ್ತಿಯ ಕಣ್ಣಿಂದ ನೋಡಬೇಕು, ಎಲ್ಲೆಲ್ಲೂ ಅಪಾಯ ಕಾಣುವವನ ಕಣ್ಣಿಂದಲ್ಲ. ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಕ್ರಿಮಿನಲ್ ಕೇಸೇ ಬರದು ಎಂದೇನೂ ಇಲ್ಲ. ಆದರೆ ‘ಸತ್ಯಂ ಶಿವಂ ಸುಂದರಂ’ ಚಿತ್ರದ ಮೇಲಿನ ಕೇಸಿನಲ್ಲಿ 1980ರಲ್ಲೇ ಅದು ಬಲವಾದ ರಕ್ಷಣೆ ಎಂದು ಒಪ್ಪಿಕೊಳ್ಳಲಾಗಿದೆ.

ಚಿತ್ರಮಂದಿರವನ್ನೇ ಬಿಟ್ಟು ಒಟಿಟಿಗೆ ಕೊಟ್ಟುಬಿಡೋಣ ಎಂದು ಯಾರಾದರೂ ಹೇಳಿಯಾರು. ಅಲ್ಲಿಗೆ ಮಂಡಳಿಯ ಪ್ರಮಾಣಪತ್ರ ಬೇಡ, 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ವಯೋಮಿತಿ ವರ್ಗೀಕರಣ ಮತ್ತು ದೂರು ವ್ಯವಸ್ಥೆ ಇದೆ. ಕೇಳಲು ಸಲೀಸು. ಆದರೆ 2023ರ ಡಿಸೆಂಬರಿನಲ್ಲಿ ಪ್ರಮಾಣಪತ್ರದೊಂದಿಗೆ ಚಿತ್ರಮಂದಿರಗಳಲ್ಲಿ ಓಡಿದ ತಮಿಳಿನ ‘ಅನ್ನಪೂರಣಿ’ ಒಟಿಟಿಗೆ ಬಂದ ಮೇಲೆಯೇ ವಿವಾದವಾಗಿ, 2024ರ ಜನವರಿಯಲ್ಲಿ ಅಲ್ಲಿಂದ ಇಳಿಯಿತು. ಚಿತ್ರಮಂದಿರದ ಮಾಲೀಕರಿಗೆ ಕುರ್ಚಿಯ ಚಿಂತೆ, ಒಟಿಟಿಯವರಿಗೆ ಇಡೀ ವ್ಯಾಪಾರದ ಚಿಂತೆ. ಹೊಸ ನಿರ್ದೇಶಕರ ವಿವಾದಿತ ಚಿತ್ರಕ್ಕಾಗಿ ಅವರು ಎದೆಗೊಡುತ್ತಾರೆ ಎಂದು ನಾನು ನಂಬಿಸಲಾರೆ.

ದಿನಾಂಕ ಮುಂದೂಡುವುದು ಸೋಲಲ್ಲ, ಆದರೆ ಹೊಸ ದಿನಾಂಕವನ್ನು ಅದೇ ದಿನ ಘೋಷಿಸಬೇಕು. ‘ಸದ್ಯದಲ್ಲೇ’ ಎಂದರೆ ವಿತರಕರು ನಿಮ್ಮನ್ನು ಪಟ್ಟಿಯಿಂದ ಹೊಡೆದುಹಾಕಿದರು ಎಂದೇ ಲೆಕ್ಕ. ನಿಮ್ಮ ಜಾಗದಲ್ಲಿ ನಾನಿದ್ದರೆ ಮುಂದೂಡುತ್ತಿರಲಿಲ್ಲ. ಚಿತ್ರಮಂದಿರಗಳ ಸಂಖ್ಯೆಯನ್ನು ಇಳಿಸುತ್ತಿದ್ದೆ. ಗಲಾಟೆಯ ಜಿಲ್ಲೆಯನ್ನು ಮೊದಲ ವಾರಕ್ಕೆ ಕೈಬಿಟ್ಟು, ಉಳಿದೆಡೆ ಮಲ್ಟಿಪ್ಲೆಕ್ಸ್‌ಗಳಲ್ಲಿ ಕೆಲವೇ ಪ್ರದರ್ಶನಗಳಿಂದ ಶುರು ಮಾಡುತ್ತಿದ್ದೆ. ನಾಲ್ಕು ಸಾವಿರ ಜನ ಚಿತ್ರ ನೋಡಿ ಹೊರಬಂದ ಮೇಲೆ ‘ಅದರಲ್ಲಿ ಹೀಗಿದೆಯಂತೆ’ ಎಂಬ ಮಾತಿಗೆ ಮೊದಲಿನ ಬಲ ಉಳಿಯುವುದಿಲ್ಲ. ಇದರ ಅಪಾಯವನ್ನೂ ಹೇಳಬೇಕು: ಬಿಟ್ಟ ಜಿಲ್ಲೆಗೆ ಎರಡನೇ ವಾರ ಹೋಗಲು ಆಗದೆಯೂ ಇರಬಹುದು, ಹೆದರಿದರು ಎಂದು ಇನ್ನೊಂದು ಜಿಲ್ಲೆಯವರು ಹುರುಪಾಗಲೂಬಹುದು. ಚಿತ್ರಮಂದಿರದ ಮಾಲೀಕರಿಗೆ ಕುರ್ಚಿ, ಗಾಜು ಒಡೆದರೆ ಇಷ್ಟರವರೆಗೆ ನಾವು ಭರಿಸುತ್ತೇವೆ ಎಂದು ನಿರ್ಮಾಪಕರಿಂದ ಬರೆದುಕೊಡಿಸಿ. ಮೊತ್ತ ಸಣ್ಣದಿದ್ದರೂ ಪರವಾಗಿಲ್ಲ. ನನ್ನ ಹೈಕೋರ್ಟ್ ಆದೇಶ ಮಾಡದ ಕೆಲಸವನ್ನು ಅಂಥ ಒಂದು ಹಾಳೆ ಮಾಡಿದ್ದನ್ನು ನೋಡಿದ್ದೇನೆ.

ಇದೆಲ್ಲಕ್ಕಿಂತ ಮೊದಲು, ಇವತ್ತು ರಾತ್ರಿಯೇ ಮಾಡಬೇಕಾದ ಕೆಲಸ ಒಂದಿದೆ. ಟ್ರೇಲರನ್ನು ಪ್ರಮಾಣಪತ್ರಕ್ಕೂ ಮುಂಚೆ ಬಿಟ್ಟಿರಿ ಎಂದು ಬರೆದಿದ್ದೀರಿ. ಮಂಡಳಿ ಒಂದು ಪದ ಮ್ಯೂಟ್ ಮಾಡಿಸಿತು ಎಂದೂ ಬರೆದಿದ್ದೀರಿ. ಪ್ರಮಾಣಪತ್ರದ ಎರಡನೇ ಭಾಗವನ್ನು ತೆಗೆದು, ಅಲ್ಲಿ ನಮೂದಿಸಿರುವ ಪದವನ್ನು ಮುಂದಿಟ್ಟುಕೊಂಡು, ನಿಮ್ಮ ಟ್ರೇಲರನ್ನು ಮತ್ತೊಮ್ಮೆ ಪೂರ್ತಿ ಕೇಳಿ. ಆ ಪದ ಯೂಟ್ಯೂಬಿನಲ್ಲಿ ಇನ್ನೂ ಕೇಳಿಸುತ್ತಿದ್ದರೆ, ಮಂಡಳಿ ಬೇಡವೆಂದದ್ದನ್ನೇ ಇವರು ಊರೆಲ್ಲ ಹಂಚುತ್ತಿದ್ದಾರೆ ಎಂದು ಎದುರಿನ ವಕೀಲರು ನ್ಯಾಯಾಧೀಶರ ಮುಂದೆ ಮೊಬೈಲ್ ಹಿಡಿಯುತ್ತಾರೆ. ಅವರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಅದನ್ನು ಇಳಿಸಿ, ತಿದ್ದಿದ ಟ್ರೇಲರ್ ಹಾಕಿ, ಹಾಕಿದ ದಿನಾಂಕವನ್ನು ಎಸ್‌ಪಿಗೆ ಬರೆಯುವ ಪತ್ರದಲ್ಲಿ ನಮೂದಿಸಿ. ಆಮೇಲೆ ಕೇವಿಯಟ್ಟಿಗೆ ವಕೀಲರನ್ನು ಹುಡುಕಿ.